ಮನೆಯ ಸೆಕೆಯನ್ನು ಕೆರೆಗೆ ಇಳಿಸುವುದು: ಕರಾವಳಿಯ ತೋಟದ ಮನೆಗೆ ಕೆರೆನೀರಿನ ಹೀಟ್ ಪಂಪ್ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಮಾರ್ಚ್ ತಿಂಗಳಿನಿಂದ ಮೊದಲ ಮಳೆ ಬೀಳುವವರೆಗೆ ಉಡುಪಿ, ಮಂಗಳೂರು ಕಡೆಯ ತೋಟದ ಮನೆಗಳಲ್ಲಿ ಏಸಿ ಇಲ್ಲದೆ ಮಧ್ಯಾಹ್ನ ಕಳೆಯುವುದು ವೃದ್ಧರಿಗೂ ಮಕ್ಕಳಿಗೂ ಕಷ್ಟವಾಗುತ್ತಿದೆ. ಅಂತಹ ಎಷ್ಟೋ ಮನೆಗಳ ಹಿಂದೆ, ಅಂಗಳ ದಾಟಿ ಐವತ್ತು ಅರವತ್ತು ಮೀಟರ್ ಇಳಿದರೆ, ಅಡಿಕೆ ತೋಟಕ್ಕೆ ನೀರುಣಿಸುವ ಕೆರೆಯೊಂದು ಇರುತ್ತದೆ. ಏಸಿಯು ಕೋಣೆಯಿಂದ ಹೊರಹಾಕುವ ಶಾಖವನ್ನು ಬಿಸಿಲಿಗೆ ಕಾದ ಗಾಳಿಗೆ ಬಿಡುವ ಬದಲು ಆ ಕೆರೆಯ ನೀರಿಗೆ ಬಿಡುವುದು ಸಾಧ್ಯವಿದೆ. ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರವೇ ಹೀಟ್ ಪಂಪ್; ಭೂಶಾಖದ ಹೀಟ್ ಪಂಪ್ ಎಂದು ಕರೆಯುವ ತಂತ್ರಜ್ಞಾನದ ಒಂದು ಕವಲು ಇದು. ಭೂಶಾಖ ಎಂದಾಕ್ಷಣ ಪುತ್ತೂರು ತಾಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಬಿಸಿನೀರಿನ ಬುಗ್ಗೆ ನೆನಪಾಗುವುದು ಸಹಜವಾದರೂ, ಇಲ್ಲಿ ಬೇಕಾಗಿರುವುದು ಭೂಮಿಯೊಳಗಿನ ಬಿಸಿಯಲ್ಲ. ಹೊರಗಿನ ಗಾಳಿ ಏರಿಳಿಯುವಷ್ಟು ಏರಿಳಿಯದ, ನೆಲದ ಹಾಗೂ ನೀರಿನ ಸ್ಥಿರವಾದ ತಾಪಮಾನ.

ಈ ವಿಷಯದ ಬಗ್ಗೆ ಸಿಗುವ ಬಹುತೇಕ ಮಾಹಿತಿ ಹಿಮ ಬೀಳುವ ದೇಶಗಳಿಂದ ಬಂದದ್ದು. ಅಲ್ಲಿ ಕೆರೆಯ ತಳದ ನೀರು ಬೇಸಿಗೆಯಲ್ಲಿಯೂ ತಣ್ಣಗಿರುತ್ತದೆ, ಮತ್ತು ಮನೆಯನ್ನು ಬೆಚ್ಚಗಿಡುವುದೇ ಮುಖ್ಯ ಕೆಲಸವಾಗಿರುತ್ತದೆ. ನಮ್ಮಲ್ಲಿ ಮನೆ ಬೆಚ್ಚಗಾಗಬೇಕಾದ ದಿನವೇ ಇಲ್ಲ, ಕೆರೆಯ ನೀರೂ ಅಷ್ಟು ತಣ್ಣಗಿಲ್ಲ. ಆದ್ದರಿಂದ ಅಲ್ಲಿನ ಅಳತೆಗಳನ್ನು ಇದ್ದಂತೆಯೇ ತಂದು ಇಲ್ಲಿ ಹಾಕಿದರೆ ಹಣ ನೀರಿಗೆ ಹಾಕಿದಂತೆಯೇ ಸರಿ. ನಮ್ಮ ಊರಿನಲ್ಲಿ ಇಡೀ ಯೋಜನೆ ನಿಂತಿರುವುದು ಒಂದೇ ಒಂದು ಸಂಗತಿಯ ಮೇಲೆ: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಿಮ್ಮ ಕೆರೆಯಲ್ಲಿ ಎಷ್ಟು ನೀರು ಉಳಿಯುತ್ತದೆ, ಆ ನೀರು ತಳದಲ್ಲಿ ಎಷ್ಟು ತಂಪಾಗಿರುತ್ತದೆ ಎಂಬುದು. ಅದನ್ನು ಅಳೆಯದೆ ಯಂತ್ರದ ಅಂಗಡಿಗೆ ಹೋಗಬೇಡಿ.

ವ್ಯವಸ್ಥೆ ಮಾಡುವ ಕೆಲಸ

ಸಾಧಾರಣ ಸ್ಪ್ಲಿಟ್ ಏಸಿಯಲ್ಲಿ ಶಾಖ ಹೊರುವ ಶೀತಕ ಅನಿಲವನ್ನು ಒತ್ತುವ ಕಂಪ್ರೆಸರ್, ಅದರ ಶಾಖವನ್ನು ಹೊರಬಿಟ್ಟು ಅದನ್ನು ದ್ರವವಾಗಿಸುವ ಕಂಡೆನ್ಸರ್, ಒತ್ತಡ ಇಳಿಸುವ ವಿಸ್ತರಣಾ ಕವಾಟ, ಕೋಣೆಯ ಶಾಖ ಹೀರುವ ಇವ್ಯಾಪೊರೇಟರ್ ಎಂಬ ನಾಲ್ಕು ಮುಖ್ಯ ಭಾಗಗಳಿವೆ. ಗೋಡೆಯ ಹೊರಗೆ ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಕಂಡೆನ್ಸರ್ ಶಾಖವನ್ನು ಗಾಳಿಗೆ ಬಿಡುತ್ತದೆ. ಕೆರೆನೀರಿನ ವ್ಯವಸ್ಥೆಯಲ್ಲಿ ಆ ಹೊರಗಿನ ಪೆಟ್ಟಿಗೆಯ ಜಾಗಕ್ಕೆ ನೀರಿನ ಕಂಡೆನ್ಸರ್ ಬರುತ್ತದೆ. ಅದರ ಮೂಲಕ ಹರಿದು ಬಿಸಿಯಾದ ನೀರು ನೆಲದಡಿಯ ಕೊಳವೆಯಲ್ಲಿ ಕೆರೆಗೆ ಹೋಗಿ, ತಳದಲ್ಲಿ ಮುಳುಗಿಸಿಟ್ಟ, ಗಟ್ಟಿ ಪ್ಲಾಸ್ಟಿಕ್ ಆದ ಎಚ್‌ಡಿಪಿಇ ಕೊಳವೆಯ ಸುರುಳಿಗಳಲ್ಲಿ ಸುತ್ತಾಡಿ, ಶಾಖವನ್ನು ಕೆರೆಗೆ ಒಪ್ಪಿಸಿ, ಮತ್ತೆ ಮನೆಗೆ ಮರಳುತ್ತದೆ. ಕೊಳವೆಯೊಳಗಿನ ನೀರು ಕೆರೆಯ ನೀರಿನೊಂದಿಗೆ ಎಲ್ಲಿಯೂ ಬೆರೆಯುವುದಿಲ್ಲ. ಇದನ್ನು ಮುಚ್ಚಿದ ಸುತ್ತು ಎನ್ನೋಣ. ಶೀತಕ ಅನಿಲ ಮನೆಯೊಳಗಿನ ಯಂತ್ರದಲ್ಲಿಯೇ ಉಳಿಯುತ್ತದೆ.

ಕೆರೆಯ ನೀರನ್ನೇ ನೇರವಾಗಿ ಪಂಪ್ ಮಾಡಿ ಯಂತ್ರದ ಮೂಲಕ ಹರಿಸಿ ವಾಪಸು ಬಿಡುವ ತೆರೆದ ಸುತ್ತು ಕೂಡ ಇದೆ, ಅದು ಅಗ್ಗವೂ ಹೌದು. ಆದರೆ ಕರಾವಳಿಯ ಮುರಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ, ಹಲವೆಡೆ ಕಬ್ಬಿಣದ ಅಂಶವೂ ಇರುತ್ತದೆ. ಕೊಡದ ಒಳಗೆ ಕೆಂಪು ಪದರ ಕಟ್ಟುವ ಆ ನೀರು ಕಂಡೆನ್ಸರ್‌ನ ಸಂದುಗಳಲ್ಲಿಯೂ ಅದೇ ಪದರ ಕಟ್ಟುತ್ತದೆ, ತಾಮ್ರವನ್ನು ಮೆಲ್ಲನೆ ತಿನ್ನುತ್ತದೆ. ಪಾಚಿ ಬೇರೆ. ಹಿನ್ನೀರಿನ ಪಕ್ಕದ ಕೆರೆಯಾದರೆ ಬೇಸಿಗೆಯಲ್ಲಿ ಉಪ್ಪು ಕೂಡ ಸೇರಿಕೊಳ್ಳುತ್ತದೆ. ಆದ್ದರಿಂದ ಮನೆಬಳಕೆಗೆ ಮುಚ್ಚಿದ ಸುತ್ತನ್ನೇ ನಾನು ಶಿಫಾರಸು ಮಾಡುತ್ತೇನೆ, ಮುಂದಿನ ವಿವರಗಳೆಲ್ಲವೂ ಅದಕ್ಕೆ ಸಂಬಂಧಿಸಿದವು.

ಹಗಲಿಗೋ, ರಾತ್ರಿಗೋ

ಈ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು, ಏಕೆಂದರೆ ಲಾಭವಿದೆಯೇ ಇಲ್ಲವೇ ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಯಂತ್ರ ಶಾಖವನ್ನು ಹೊರಹಾಕುವಾಗ ಶೀತಕವು ಯಾವ ತಾಪಮಾನದಲ್ಲಿ ದ್ರವವಾಗುತ್ತದೆ ಎಂಬುದರ ಮೇಲೆ ವಿದ್ಯುತ್ ಖರ್ಚು ನಿಂತಿದೆ. ಆ ತಾಪಮಾನ ಒಂದು ಡಿಗ್ರಿ ಇಳಿದರೆ ಕಂಪ್ರೆಸರ್‌ನ ಖರ್ಚು ಸುಮಾರು ಶೇಕಡ 2ರಿಂದ 3ರಷ್ಟು ಇಳಿಯುತ್ತದೆ. ಗಾಳಿಗೆ ಶಾಖ ಬಿಡುವ ಏಸಿಯಲ್ಲಿ ಅದು ಹೊರಗಾಳಿಗಿಂತ ಸುಮಾರು 13 ಡಿಗ್ರಿ ಮೇಲಿರುತ್ತದೆ. ನೀರಿಗೆ ಬಿಡುವ ಯಂತ್ರದಲ್ಲಿ ಒಳಬರುವ ನೀರಿಗಿಂತ ಸುಮಾರು 9 ಡಿಗ್ರಿ ಮೇಲಿರುತ್ತದೆ.

ಈಗ ಏಪ್ರಿಲ್ ತಿಂಗಳ ಒಂದು ದಿನವನ್ನು ಎಣಿಸಿ. ಮಧ್ಯಾಹ್ನ ಹೊರಗಾಳಿ 34 ಡಿಗ್ರಿ, ಹಾಗಾಗಿ ಸ್ಪ್ಲಿಟ್ ಏಸಿಯ ಶೀತಕ 47ರಲ್ಲಿ ಕೆಲಸ ಮಾಡುತ್ತದೆ. ಕೆರೆಯಿಂದ ಯಂತ್ರಕ್ಕೆ ಬರುವ ನೀರು 31 ಡಿಗ್ರಿ ಇದ್ದರೂ ಅಲ್ಲಿ ಶೀತಕ 40ರಲ್ಲಿರುತ್ತದೆ. ಏಳು ಡಿಗ್ರಿಯ ವ್ಯತ್ಯಾಸವೆಂದರೆ ಶೇಕಡ 15ರಿಂದ 20ರಷ್ಟು ಉಳಿತಾಯ. ಆದರೆ ಅದೇ ದಿನ ನಡುರಾತ್ರಿ ಹೊರಗಾಳಿ 26ಕ್ಕೆ ಇಳಿದಿರುತ್ತದೆ, ಕೆರೆಯ ನೀರು ಇದ್ದಲ್ಲಿಯೇ ಇರುತ್ತದೆ. ಆಗ ಏಸಿ 39ರಲ್ಲಿ, ಕೆರೆಯ ಯಂತ್ರ 40ರಲ್ಲಿ. ಕೆರೆಯಿಂದ ಏನೂ ಲಾಭವಿಲ್ಲ. ರಾತ್ರಿ ಮಲಗುವ ಕೋಣೆಗೆ ಮಾತ್ರ ಏಸಿ ಹಾಕುವವರು ಒಳ್ಳೆಯ ಇನ್ವರ್ಟರ್ ಏಸಿ ತೆಗೆದುಕೊಂಡು ಸುಮ್ಮನಿರುವುದು ಬುದ್ಧಿವಂತಿಕೆ. ಹಗಲಿಡೀ ತಂಪು ಬೇಕಾದ ಮನೆಗೆ, ಅಂದರೆ ಹಾಸಿಗೆ ಹಿಡಿದ ಹಿರಿಯರಿರುವ ಮನೆ, ಮನೆಯಲ್ಲಿಯೇ ಕಚೇರಿ ಅಥವಾ ಕ್ಲಿನಿಕ್ ಇರುವವರು, ಹೋಮ್‌ಸ್ಟೇ ನಡೆಸುವವರು, ಇವರಿಗೆ ಕೆರೆ ನಿಜವಾಗಿ ನೆರವಾಗುತ್ತದೆ.

ಲೆಕ್ಕಕ್ಕೆ ಸಿಗದ ಇನ್ನೊಂದು ಲಾಭವೂ ಇದೆ. ಮಲ್ಪೆ, ಕಾಪು, ಸುರತ್ಕಲ್‌ನಂತಹ ಸಮುದ್ರದಂಚಿನ ಊರುಗಳಲ್ಲಿ ಉಪ್ಪುಗಾಳಿಯು ಏಸಿಯ ಹೊರಪೆಟ್ಟಿಗೆಯ ಅಲ್ಯೂಮಿನಿಯಂ ಎಸಳುಗಳನ್ನು ಪುಡಿಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಕೆರೆಯ ವ್ಯವಸ್ಥೆಯಲ್ಲಿ ಹೊರಪೆಟ್ಟಿಗೆಯೇ ಇಲ್ಲ. ಯಂತ್ರವೆಲ್ಲ ಮನೆಯೊಳಗೆ, ಒಣ ಜಾಗದಲ್ಲಿ ಇರುತ್ತದೆ.

ಒಂದು ಬೇಸಿಗೆಯಿಡೀ ಕೆರೆಯನ್ನು ಅಳೆಯುವುದು

ಫೆಬ್ರವರಿ ತಿಂಗಳಿನಿಂದ ವಾರಕ್ಕೊಮ್ಮೆ ಕೆರೆಯ ನೀರಿನ ಮಟ್ಟವನ್ನು ಬರೆದಿಡಿ. ದಂಡೆಯ ಕಲ್ಲಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿ, ಅಲ್ಲಿಂದ ಕೆಳಗೆ ಎಷ್ಟು ಇಳಿಯಿತೆಂದು ನೋಡಿದರೆ ಸಾಕು. ಪತ್ತನಾಜೆಯ ಹೊತ್ತಿಗೆ, ಎಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಮಟ್ಟವು ಸಾಮಾನ್ಯವಾಗಿ ವರ್ಷದ ಕನಿಷ್ಠಕ್ಕೆ ಬಂದಿರುತ್ತದೆ. ಆ ದಿನದ ಆಳ ಮತ್ತು ವಿಸ್ತಾರವೇ ನಿಮ್ಮ ಕೆರೆಯ ನಿಜವಾದ ಅಳತೆ. ಮಳೆಗಾಲದಲ್ಲಿ ತುಂಬಿ ತುಳುಕುವ ಕೆರೆಯನ್ನು ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದು ಹೋಗಿರುತ್ತದೆ. ಅಡಿಕೆಗೆ ಡಿಸೆಂಬರ್‌ನಿಂದಲೇ ನೀರು ಎತ್ತಲು ಶುರುವಾಗುವುದರಿಂದ, ಕೆರೆಗೆ ಶಾಖ ಬಿಡಬೇಕಾದ ತಿಂಗಳುಗಳಲ್ಲಿಯೇ ಕೆರೆ ಬತ್ತುತ್ತದೆ. ಕನಿಷ್ಠ ಮಟ್ಟದಲ್ಲಿಯೂ ಎರಡೂವರೆ ಮೀಟರ್ ನೀರು ಉಳಿಯಬೇಕು. ಅಷ್ಟು ಉಳಿಯದಿದ್ದರೆ ಹೂಳು ತೆಗೆಸಿ ಇನ್ನೊಂದು ಬೇಸಿಗೆ ಅಳೆಯಿರಿ. ಆಗಲೂ ಉಳಿಯದಿದ್ದರೆ ಈ ಯೋಜನೆಯನ್ನು ಅಲ್ಲಿಗೇ ಬಿಡಿ.

ಆಳ ಅಳೆಯಲು ತೂಕ ಕಟ್ಟಿದ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು ಹಾಕಿ, ಕೆರೆಯ ಉದ್ದಕ್ಕೂ ಅಗಲಕ್ಕೂ ಐದಾರು ಕಡೆ ಇಳಿಸಿ ನೋಡಬೇಕು. ದಂಡೆಯಿಂದಲೇ ಕೆಲಸವಾಗುವಂತೆ ಉದ್ದನೆಯ ಬಿದಿರಿನ ತುದಿಗೆ ಹಗ್ಗ ಕಟ್ಟಿಕೊಳ್ಳಿ. ಹಳೆಯ ಮುರಕಲ್ಲು ಕೋರೆಯಲ್ಲಿ ನೀರು ನಿಂತು ಆದ ಕೆರೆಗಳು ಈ ವ್ಯವಸ್ಥೆಗೆ ತುಂಬಾ ಒಳ್ಳೆಯವು, ಏಕೆಂದರೆ ಅವು ಆಳವಾಗಿರುತ್ತವೆ. ಆದರೆ ಅವುಗಳ ಗೋಡೆ ನೆಟ್ಟಗೆ ಇಳಿದಿರುತ್ತದೆ, ಬಿದ್ದವರಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ಒಬ್ಬರೇ ಹೋಗಬೇಡಿ, ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬ್ ದಂಡೆಯಲ್ಲಿ ಸಿದ್ಧವಾಗಿರಲಿ, ಈಜು ಬಲ್ಲವರು ಜೊತೆಗಿರಲಿ.

ತಾಪಮಾನಕ್ಕೆ ನೀರು ಒಳಹೋಗದಂತೆ ಮುಚ್ಚಿದ ಡಿಜಿಟಲ್ ಸಂವೇದಕವನ್ನು ಉದ್ದನೆಯ ತಂತಿಯೊಂದಿಗೆ ಕೊಂಡುಕೊಂಡರೆ ಸುಲಭ. ಇಲ್ಲವಾದರೆ ತೂಕ ಕಟ್ಟಿದ ಗಾಜಿನ ಬಾಟಲಿಯೊಳಗೆ ಸಣ್ಣ ಉಷ್ಣಮಾಪಕ ಇಟ್ಟು, ತಳದ ಹತ್ತಿರ ಇಳಿಸಿ, ಬಾಟಲಿಗೆ ನೀರು ತುಂಬಿದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು, ಬೇಗ ಮೇಲೆಳೆದು ಓದಬಹುದು. ಮೇಲ್ಮೈಯಲ್ಲಿ, ಒಂದು ಮೀಟರ್ ಕೆಳಗೆ, ತಳದಿಂದ ಮೂವತ್ತು ಸೆಂಟಿಮೀಟರ್ ಮೇಲೆ, ಹೀಗೆ ಮೂರು ಕಡೆ, ಬೆಳಿಗ್ಗೆ ಆರಕ್ಕೂ ಸಂಜೆ ನಾಲ್ಕಕ್ಕೂ ಓದಿ. ಬಿಸಿಲಿನ ಕೆರೆಯ ಮೇಲ್ಪದರ ಮಧ್ಯಾಹ್ನ ಕೈಗೆ ಬಿಸಿ ತಾಗುವಷ್ಟು ಕಾದಿದ್ದರೂ, ಬಿಸಿನೀರು ಹಗುರವಾದುದರಿಂದ ಅದು ಮೇಲೆಯೇ ನಿಲ್ಲುತ್ತದೆ, ಕೆಳಗಿನ ನೀರು ಬೇರೆಯೇ ಆಗಿರುತ್ತದೆ. ತಳದಲ್ಲಿ ಒರತೆ ಇರುವ ಕೆರೆಯಾದರೆ ಇನ್ನೂ ಚೆನ್ನ. ಅಂತರ್ಜಲದ ತಾಪಮಾನವು ಒಂದು ಊರಿನ ವರ್ಷದ ಸರಾಸರಿ ಗಾಳಿಯ ತಾಪಮಾನಕ್ಕೆ ಹತ್ತಿರವಿರುತ್ತದೆ, ನಮ್ಮಲ್ಲಿ ಅದು 27ರಿಂದ 28 ಡಿಗ್ರಿ. ಏಪ್ರಿಲ್ ಕೊನೆಯ ಸಂಜೆ ನಾಲ್ಕಕ್ಕೆ ತಳದ ಓದು 29 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಿಮ್ಮ ಕೆರೆ ಅದೃಷ್ಟದ್ದು. 30, 31 ಬಂದರೆ ಹಗಲಿನ ಬಳಕೆಗೆ ಆದೀತು. 32 ದಾಟಿದರೆ ಬೇಡ.

ಕೆರೆ ನಿಮ್ಮ ಹೆಸರಿನ ಪಹಣಿಯ ಜಾಗದಲ್ಲಿಯೇ ಇರಬೇಕು. ಪಾಲಿನ ಕೆರೆಯಾದರೆ ಎಲ್ಲ ಪಾಲುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಊರಿನ ಮದಗ, ದೇವಸ್ಥಾನದ ಕೆರೆ, ಮಣಿಪಾಲದ ಮಣ್ಣಪಳ್ಳ ಅಥವಾ ಮಂಗಳೂರಿನ ಗುಜ್ಜರಕೆರೆಯಂತಹ ಸಾರ್ವಜನಿಕ ಕೆರೆಗಳ ಪಕ್ಕದಲ್ಲಿ ಮನೆಯಿದೆ ಎಂಬ ಕಾರಣಕ್ಕೆ ಅವುಗಳಲ್ಲಿ ಕೊಳವೆ ಇಳಿಸುವ ಯೋಚನೆಯನ್ನೇ ಮಾಡಬಾರದು.

ಲೆಕ್ಕ

ಮನೆಗೆ ಎಷ್ಟು ತಂಪು ಬೇಕೆಂಬುದನ್ನು ನಿರ್ಧರಿಸುವ ಮೊದಲು ಬೇಕಾಗುವ ತಂಪನ್ನೇ ಕಡಿಮೆ ಮಾಡಿಕೊಳ್ಳಿ. ತಾರಸಿಯ ಮೇಲೆ ಹಂಚಿನ ಅಥವಾ ಶೀಟಿನ ಮಾಡು, ಪಶ್ಚಿಮದ ಕಿಟಕಿಗೆ ನೆರಳು, ಬಾಗಿಲ ಸಂದುಗಳಿಗೆ ರಬ್ಬರ್ ಪಟ್ಟಿ, ಇಷ್ಟು ಮಾಡಿದರೆ ಬೇಕಾಗುವ ಯಂತ್ರದ ಗಾತ್ರವೇ ಇಳಿಯುತ್ತದೆ. ಅದರಲ್ಲಿಯೂ ಸಂದು ಮುಚ್ಚುವುದು ನಮ್ಮ ಕಡೆ ಬಹಳ ಮುಖ್ಯ, ಏಕೆಂದರೆ ಕರಾವಳಿಯಲ್ಲಿ ಏಸಿಯ ದುಡಿಮೆಯ ದೊಡ್ಡ ಪಾಲು ಗಾಳಿಯ ತೇವವನ್ನು ಹಿಂಡುವುದಕ್ಕೇ ಹೋಗುತ್ತದೆ.

ಹಿರಿಯಡ್ಕದ ಕಡೆಯ ಒಂದು ತೋಟದ ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಚಾವಡಿ ಮತ್ತು ಎರಡು ಕೋಣೆಗಳಿಗೆ 3 ಟನ್ ತಂಪು ಬೇಕು. ಒಂದು ಟನ್ ಎಂದರೆ 3.517 ಕಿಲೋವ್ಯಾಟ್, ಹಾಗಾಗಿ ಸುಮಾರು 10.5 ಕಿಲೋವ್ಯಾಟ್. ಯಂತ್ರ ಒಂದು ಪಾಲು ವಿದ್ಯುತ್ತಿಗೆ ನಾಲ್ಕು ಪಾಲು ತಂಪು ಕೊಡುತ್ತದೆಂದರೆ 2.6 ಕಿಲೋವ್ಯಾಟ್ ವಿದ್ಯುತ್ ಬೇಕು, ಮತ್ತು ಆ ವಿದ್ಯುತ್ತೂ ಶಾಖವಾಗಿ ಕೆರೆಗೇ ಸೇರುವುದರಿಂದ ಕೆರೆಗೆ ಹೋಗುವುದು ಸುಮಾರು 13 ಕಿಲೋವ್ಯಾಟ್. ದಿನಕ್ಕೆ ಎಂಟು ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನದ ಶಾಖ 105 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದಷ್ಟು).

ಒಂದು ಘನ ಮೀಟರ್ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 1.16 ಯೂನಿಟ್ ಬೇಕು. ಮೇ ತಿಂಗಳಿನಲ್ಲಿ ಕೆರೆ 20 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳ ಉಳಿದಿದ್ದರೆ ನೀರು 900 ಘನ ಮೀಟರ್. 105 ಯೂನಿಟ್ ಶಾಖ ಸೇರಿದರೆ ಒಂದು ದಿನಕ್ಕೆ ಏರಿಕೆ ಡಿಗ್ರಿಯ ಹತ್ತನೇ ಒಂದು ಭಾಗ ಮಾತ್ರ. ಹಾಗೆಂದು ದಿನದಿನವೂ ಏರುತ್ತಾ ಹೋಗುವುದಿಲ್ಲ. ಕೆರೆ ಬೆಚ್ಚಗಾದಂತೆಲ್ಲ ಅದರ ಮೇಲ್ಮೈಯಿಂದ ಆವಿಯಾಗಿ, ವಿಕಿರಣವಾಗಿ ಶಾಖ ಹೊರಹೋಗುವುದೂ ಹೆಚ್ಚುತ್ತದೆ. ಗಾಳಿ ಕಡಿಮೆ ಆಡುವ, ತೋಟದ ನಡುವಿನ ಕೆರೆಗೂ ಪ್ರತಿ ಚದರ ಮೀಟರಿಗೆ, ಏರಿದ ಪ್ರತಿ ಡಿಗ್ರಿಗೆ 20 ವ್ಯಾಟ್ ಹೊರಹೋಗುತ್ತದೆಂದು ಹಿಡಿಯಬಹುದು. 105 ಯೂನಿಟನ್ನು 24 ಗಂಟೆಗೆ ಹಂಚಿದರೆ 4.4 ಕಿಲೋವ್ಯಾಟ್, 300 ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ 15 ವ್ಯಾಟಿಗೂ ಕಡಿಮೆ. ಅಂದರೆ ಇಡೀ ಬೇಸಿಗೆ ಓಡಿಸಿದರೂ ಕೆರೆಯ ಏರಿಕೆ ಮುಕ್ಕಾಲು ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಕಾಟ್ಲಾ, ರೋಹು ಸಾಕಿದ್ದರೆ ಅವುಗಳಿಗೂ ಇದರಿಂದ ತೊಂದರೆಯಿಲ್ಲ.

ಈ ಶಾಖವೆಲ್ಲ ಆವಿಯಾಗಿಯೇ ಹೋದರೂ ದಿನಕ್ಕೆ ಹೆಚ್ಚೆಂದರೆ 155 ಲೀಟರ್ ನೀರು ಆರುತ್ತದೆ. ಬೇಸಿಗೆಯ ಬಿಸಿಲಿಗೇ ಆ ಕೆರೆಯಿಂದ ದಿನಕ್ಕೆ ಸಾವಿರ ಲೀಟರಿಗೂ ಹೆಚ್ಚು ಆರುತ್ತಿರುತ್ತದೆ. ತೋಟದ ನೀರಿಗೆ ಕೊರತೆ ಬರುವುದೆಂಬ ಭಯ ಬೇಡ.

ಇದೇ ಲೆಕ್ಕವನ್ನು 6 ಮೀಟರ್ ಉದ್ದ, 6 ಮೀಟರ್ ಅಗಲ, 2 ಮೀಟರ್ ಆಳದ ಸಣ್ಣ ಹೊಂಡಕ್ಕೆ ಹಾಕಿ ನೋಡಿ. ಚದರ ಮೀಟರಿಗೆ 120 ವ್ಯಾಟ್ ಬೀಳುತ್ತದೆ, ಹೊಂಡ ಆರು ಡಿಗ್ರಿ ಏರಿ 30ರಿಂದ 36ಕ್ಕೆ ಹೋಗುತ್ತದೆ. ಬಾವಿಯ ಸ್ಥಿತಿ ಇನ್ನೂ ಕಷ್ಟದ್ದು: 3 ಮೀಟರ್ ವ್ಯಾಸದ, 4 ಮೀಟರ್ ನೀರಿರುವ ಬಾವಿಯಲ್ಲಿ 28 ಘನ ಮೀಟರ್ ನೀರು, ಅದು ಒಂದೇ ದಿನಕ್ಕೆ ಮೂರು ಡಿಗ್ರಿ ಏರುತ್ತದೆ. ಕುಡಿಯುವ ನೀರಿನ ಬಾವಿಗೆ ಕೊಳವೆ ಇಳಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ.

ಯಂತ್ರವನ್ನು ಆರಿಸುವುದು

ನೀರಿನಿಂದ ತಂಪಾಗುವ ಯಂತ್ರಗಳ ಸಾಮರ್ಥ್ಯವನ್ನು ಐಎಸ್‌ಒ 13256 ಮಾನದಂಡದಂತೆ ಮೂರು ಬೇರೆ ಬೇರೆ ನೀರಿನ ತಾಪಮಾನಗಳಲ್ಲಿ ಅಳೆಯುತ್ತಾರೆ: ಅಂತರ್ಜಲಕ್ಕೆ 15, ನೆಲದ ಸುತ್ತಿಗೆ 25, ಕಟ್ಟಡದ ನೀರಿನ ಸುತ್ತಿಗೆ 30 ಡಿಗ್ರಿ. ಕರಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಮೊದಲಿನ ಎರಡು. ನಮ್ಮ ಕೆರೆಗೆ ಅನ್ವಯಿಸುವುದು 30ರ ಸಾಲು. ಅದಕ್ಕೂ ಮಿಗಿಲಾಗಿ 35 ಡಿಗ್ರಿಯ ನೀರಿನಲ್ಲಿ ಯಂತ್ರ ಎಷ್ಟು ತಂಪು ಕೊಡುತ್ತದೆ ಎಂಬ ಕೋಷ್ಟಕವನ್ನು ಮಾರುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ. ವೇಗ ಬದಲಾಯಿಸಬಲ್ಲ ಕಂಪ್ರೆಸರ್ ಇದ್ದರೆ ಒಳ್ಳೆಯದು. ಮೆಸ್ಕಾಂ ವಿದ್ಯುತ್ ಸಂಪರ್ಕ ಸಿಂಗಲ್ ಫೇಸ್ ಆಗಿದ್ದರೆ ಯಂತ್ರವೂ ಅದಕ್ಕೆ ಹೊಂದುವಂಥದ್ದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ, ಮಂಜೂರಾದ ಲೋಡ್ ಹೆಚ್ಚಿಸಬೇಕಾಗಬಹುದು.

ಸುರುಳಿಯನ್ನು ಸಿದ್ಧಮಾಡುವುದು

ಐಎಸ್ 4984 ಗುರುತಿರುವ, 32 ಮಿಲಿಮೀಟರ್ ಹೊರವ್ಯಾಸದ ಎಚ್‌ಡಿಪಿಇ ಕೊಳವೆಯನ್ನು ಬಳಸಿ. ತಂಪು ದೇಶಗಳ ರೂಢಿ ಒಂದು ಟನ್ನಿಗೆ ಸುಮಾರು 90 ಮೀಟರ್. ನಮ್ಮಲ್ಲಿ ಕೊಳವೆಯೊಳಗಿನ ನೀರಿಗೂ ಕೆರೆಯ ನೀರಿಗೂ ಐದಾರು ಡಿಗ್ರಿಗಿಂತ ಹೆಚ್ಚು ಅಂತರ ಬಿಡಲಾಗದು, ಬಿಟ್ಟರೆ ಉಳಿತಾಯವೆಲ್ಲ ಅಲ್ಲಿಯೇ ಕರಗುತ್ತದೆ. ಅಷ್ಟು ಅಂತರದಲ್ಲಿ, ಪಾಚಿ ಹಿಡಿದ ಕೊಳವೆ ಮೀಟರಿಗೆ 30ರಿಂದ 35 ವ್ಯಾಟ್ ಮಾತ್ರ ಸಾಗಿಸುತ್ತದೆ. ಆದ್ದರಿಂದ ಟನ್ನಿಗೆ 130ರಿಂದ 150 ಮೀಟರ್ ಹಾಕಿ. ನಮ್ಮ ಉದಾಹರಣೆಯ ಮನೆಗೆ 130 ಮೀಟರಿನ ಮೂರು ಸುರುಳಿಗಳು ಸಾಕೆಂದು ಹಿಡಿಯೋಣ. ಮೂರೂ ಒಂದೇ ಉದ್ದವಿರಬೇಕು, ಇಲ್ಲವಾದರೆ ನೀರು ಗಿಡ್ಡ ಸುರುಳಿಯನ್ನೇ ಹುಡುಕಿಕೊಂಡು ಹರಿಯುತ್ತದೆ. ಪ್ರತಿ ಸುರುಳಿಯೂ ಒಂದೇ ಅಖಂಡ ತುಂಡಾಗಿರುವಂತೆ ಅಂಗಡಿಯಲ್ಲಿಯೇ ಅಳೆದು ಕತ್ತರಿಸಿ ತನ್ನಿ, ನೀರಿನಡಿಯಲ್ಲಿ ಸುರುಳಿಗೆ ಒಂದೂ ಜೋಡಣೆ ಬರಬಾರದು.

ಅಂಗಡಿಯಿಂದ ಬರುವ ಬಿಗಿಯಾದ ಸುತ್ತನ್ನು ಹಾಗೆಯೇ ಮುಳುಗಿಸಿದರೆ ನಡುವಿನ ಕೊಳವೆಗಳಿಗೆ ಕೆರೆಯ ನೀರು ತಾಗುವುದೇ ಇಲ್ಲ. ಸುತ್ತನ್ನು ಬಿಡಿಸಿ, ಕೊಳವೆಗಳ ನಡುವೆ ಐದಾರು ಸೆಂಟಿಮೀಟರ್ ಸಂದು ಉಳಿಯುವಂತೆ ಎಚ್‌ಡಿಪಿಇಯದೇ ಚೌಕಟ್ಟಿಗೆ ಕಟ್ಟಬೇಕು. ಅಡಿಕೆ ಮರದ ದಬ್ಬೆ ಕೈಗೆ ಸುಲಭವಾಗಿ ಸಿಗುತ್ತದೆಂದು ಅದರಲ್ಲಿ ಚೌಕಟ್ಟು ಮಾಡುವ ಆಸೆ ಬರಬಹುದು. ಕೊಳವೆ ಹಲವು ದಶಕ ಬಾಳುತ್ತದೆ, ದಬ್ಬೆ ಬಾಳುವುದಿಲ್ಲ. ಚೌಕಟ್ಟಿಗೆ ಮೂವತ್ತು ಸೆಂಟಿಮೀಟರ್ ಎತ್ತರದ ಕಾಲುಗಳಿರಲಿ, ಏಕೆಂದರೆ ಹೂಳಿನಲ್ಲಿ ಹೂತ ಕೊಳವೆ ಕಂಬಳಿ ಹೊದ್ದಂತಾಗುತ್ತದೆ.

ಮೂರೂ ಸುರುಳಿಗಳನ್ನು ದಂಡೆಯ ಬಳಿ 50 ಮಿಲಿಮೀಟರಿನ ಎರಡು ಹೆಡರ್ ಕೊಳವೆಗಳಿಗೆ ಸೇರಿಸಿ, ಆ ಎರಡು ಕೊಳವೆಗಳು ಮನೆಗೆ ಹೋಗುವಂತೆ ಮಾಡಿ. ಜೋಡಣೆಗಳನ್ನೆಲ್ಲ ಕಾಯಿಸಿ ಬೆಸೆಯಬೇಕು. ತೋಟದ ಸ್ಪ್ರಿಂಕ್ಲರ್‌ಗೆ ಬಳಸುವ, ಕೈಯಿಂದ ತಿರುಗಿಸಿ ಬಿಗಿಮಾಡುವ ಜೋಡಣೆಗಳು ಮಣ್ಣಿನಡಿಯಲ್ಲಿ ಬೇಡ.

ಪಂಪಿನ ವಿಷಯದಲ್ಲಿ ತೋಟದವರ ಅನುಭವವೇ ದಾರಿ ತಪ್ಪಿಸುತ್ತದೆ. ಕೆರೆ ಹತ್ತು ಮೀಟರ್ ಕೆಳಗಿದೆ, ಒಂದು ಎಚ್‌ಪಿ ಪಂಪಾದರೂ ಬೇಕು ಎಂದು ಅನ್ನಿಸುವುದು ಸಹಜ. ಆದರೆ ಮುಚ್ಚಿದ ಸುತ್ತಿನಲ್ಲಿ ನೀರನ್ನು ಎತ್ತುವ ಕೆಲಸವಿಲ್ಲ. ಏರುವ ನೀರಿನ ಭಾರವನ್ನು ಇಳಿಯುವ ನೀರು ಸರಿದೂಗಿಸುತ್ತದೆ. ಗೆಲ್ಲಬೇಕಾದದ್ದು ಕೊಳವೆಯ ಘರ್ಷಣೆಯನ್ನು ಮಾತ್ರ. ಟನ್ನಿಗೆ ನಿಮಿಷಕ್ಕೆ 11 ಲೀಟರಿನಂತೆ ನಮಗೆ ಬೇಕಾದುದು 34 ಲೀಟರ್, ಘರ್ಷಣೆ ಯಂತ್ರವೂ ಸೇರಿ ಐದಾರು ಮೀಟರ್ ಎತ್ತರಕ್ಕೆ ನೀರೆತ್ತುವುದಕ್ಕೆ ಸಮ. ಇದಕ್ಕೆ ನೂರು ನೂರಿಪ್ಪತ್ತು ವ್ಯಾಟಿನ ಪರಿಚಲನಾ ಪಂಪ್ ಸಾಕು. 746 ವ್ಯಾಟಿನ ಪಂಪ್ ಹಾಕಿದರೆ ಕೆರೆಯಿಂದ ಬಂದ ಉಳಿತಾಯವನ್ನು ಪಂಪೇ ನುಂಗುತ್ತದೆ.

ಇಳಿಸುವ ದಿನ

ಕೆಲಸಕ್ಕೆ ಸರಿಯಾದ ಕಾಲ ಏಪ್ರಿಲ್ ಕೊನೆಯಿಂದ ಮೇ ಎರಡನೆಯ ವಾರ. ನೀರು ಕಡಿಮೆ ಇರುತ್ತದೆ, ತಳ ತಿಳಿಯುತ್ತದೆ, ಮಳೆಗೆ ಮೊದಲು ಅಗೆದದ್ದನ್ನು ಮುಚ್ಚಬಹುದು. ಹೂಳು ತೆಗೆಸುವುದಿದ್ದರೆ ಇದೇ ಕೊನೆಯ ಅವಕಾಶ; ಸುರುಳಿ ಕುಳಿತ ಮೇಲೆ ಜೇಸಿಬಿಯ ಕೈ ಆ ಕೆರೆಗೆ ಇಳಿಯುವಂತಿಲ್ಲ.

ಕೆರೆಯಿಂದ ಮನೆಯವರೆಗೆ ಒಂದು ಮೀಟರ್ ಆಳದ ಕಣಿ ತೋಡಿಸಿ. ಮುರಕಲ್ಲು ಗಟ್ಟಿಯಿದ್ದು ಅಷ್ಟು ಇಳಿಯದಿದ್ದರೆ ಇಳಿದಷ್ಟಕ್ಕೆ ಕೊಳವೆ ಹಾಕಿ ಮೇಲೆ ಕಲ್ಲು ಚಪ್ಪಡಿ ಮುಚ್ಚಿ. ಮನೆಗೆ ಮರಳುವ ಕೊಳವೆ ಬಿಸಿಲು ಕಾಣಬಾರದು. ಕೊಳವೆಯ ಕೆಳಗೂ ಮೇಲೂ ಮರಳು ಅಥವಾ ಜರಡಿ ಹಿಡಿದ ಮಣ್ಣು ಇರಲಿ, ಮುರಕಲ್ಲಿನ ಚೂಪು ತುದಿ ಕೊಳವೆಯನ್ನು ಕೊರೆಯುತ್ತದೆ. ಕೆರೆಯ ದಂಡೆಯನ್ನು ದಾಟುವ ಜಾಗವು ಮೇ ತಿಂಗಳ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು, ಅಲ್ಲಿ ಜೇಡಿಮಣ್ಣನ್ನು ಗಟ್ಟಿಯಾಗಿ ಬಡಿದು ತುಂಬಿಸಬೇಕು. ಸಡಿಲ ಬಿಟ್ಟರೆ ಮಳೆಗಾಲದಲ್ಲಿ ದಂಡೆ ಅಲ್ಲಿಂದಲೇ ಒಡೆಯುತ್ತದೆ.

ನೀರಿಗೆ ಇಳಿಸುವ ಮೊದಲು ದಡದಲ್ಲಿಯೇ ಪ್ರತಿ ಸುರುಳಿಗೂ ನೀರು ತುಂಬಿ, ಬಳಕೆಯ ಒತ್ತಡದ ಕನಿಷ್ಠ ಒಂದೂವರೆ ಪಟ್ಟು ಒತ್ತಡ ಕೊಟ್ಟು, ಒಂದು ದಿನ ಬಿಡಿ. ಎಚ್‌ಡಿಪಿಇ ಸ್ವಲ್ಪ ಹಿಗ್ಗುವುದರಿಂದ ಮೊದಲ ಗಂಟೆಗಳಲ್ಲಿ ಒತ್ತಡಮಾಪಕದ ಮುಳ್ಳು ಸ್ವಲ್ಪ ಇಳಿಯುತ್ತದೆ. ಮತ್ತೆ ಒತ್ತಡ ತುಂಬಿದ ಮೇಲೆಯೂ ಇಳಿಯುತ್ತಲೇ ಹೋದರೆ ಸೋರುತ್ತಿದೆಯೆಂದು ಅರ್ಥ.

ಮುಳುಗಿಸುವುದಕ್ಕೆ ಒಂದು ಸುಂದರವಾದ ಉಪಾಯವಿದೆ. ಎಚ್‌ಡಿಪಿಇ ನೀರಿಗಿಂತ ಹಗುರ, ನೀರು ತುಂಬಿದ ಸುರುಳಿಯೂ ತೂಕವಿಲ್ಲದೆ ಮುಳುಗದು. ಆದರೆ ಗಾಳಿ ತುಂಬಿದ 130 ಮೀಟರ್ ಸುರುಳಿ ಸುಮಾರು 70 ಕಿಲೋ ಭಾರವನ್ನು ತೇಲಿಸಬಲ್ಲದು. ಆದ್ದರಿಂದ ಪರೀಕ್ಷೆಯ ನೀರನ್ನು ಖಾಲಿ ಮಾಡಿ, ತುದಿಗಳನ್ನು ಮುಚ್ಚಿ, ಚೌಕಟ್ಟಿನ ನಾಲ್ಕೂ ಮೂಲೆಗೆ ಹತ್ತತ್ತು ಕಿಲೋದ ಶಿಲೆಕಲ್ಲನ್ನು ನೈಲಾನ್ ಹಗ್ಗದಿಂದ ಕಟ್ಟಿ ನೀರಿಗೆ ಬಿಡಿ. ಕಲ್ಲುಗಳ ಸಮೇತ ಅದು ತೇಲುತ್ತದೆ. ದಂಡೆಯ ಎರಡು ಬದಿಯಿಂದ ಹಗ್ಗ ಎಳೆದು ಅತಿ ಆಳದ ಜಾಗದ ಮೇಲೆ ತಂದು ನಿಲ್ಲಿಸಿ, ಒಂದು ತುದಿಯಿಂದ ನೀರು ತುಂಬಿಸುತ್ತಾ ಇನ್ನೊಂದು ತುದಿಯಿಂದ ಗಾಳಿ ಹೋಗಲು ಬಿಡಿ. ಸುರುಳಿ ತಾನಾಗಿ, ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಸರಿಯಾಗಿ ಕೂರದಿದ್ದರೆ ಗಾಳಿ ಊದಿ ಮತ್ತೆ ಮೇಲಕ್ಕೆ ತರಬಹುದು. ಸುರುಳಿಯ ಜಾಗ ತಿಳಿಯಲು ಒಂದು ತೇಲುಗುರುತು ಕಟ್ಟಿಡಿ, ಮೀನಿಗೆ ಬಲೆ ಬೀಸುವವರಿಗೂ ಅದು ಬೇಕಾಗುತ್ತದೆ.

ಎಲ್ಲವನ್ನೂ ಸೇರಿಸಿದ ಮೇಲೆ ಸುತ್ತಿನಲ್ಲಿ ಉಳಿದ ಗಾಳಿಯನ್ನು ತೆಗೆಯಬೇಕು. ಇಲ್ಲಿ ಮಾತ್ರ ತೋಟದ ದೊಡ್ಡ ಪಂಪ್ ಉಪಯೋಗಕ್ಕೆ ಬರುತ್ತದೆ: ಕೊಳವೆಯಲ್ಲಿ ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಿ ಹರಿಯುವಂತೆ, ಅಂದರೆ ಮೂರು ಸುರುಳಿಗೆ ಒಟ್ಟು ನಿಮಿಷಕ್ಕೆ 60 ಲೀಟರಿನಂತೆ, ತೆರೆದ ಪೀಪಾಯಿಯ ಮೂಲಕ ಸುತ್ತಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಓಡಿಸಿ. ಸುತ್ತಿಗೆ ತುಂಬುವ ನೀರು ಶುದ್ಧವಾಗಿರಲಿ, ತುಕ್ಕು ತಡೆಯುವ ದ್ರಾವಣವನ್ನು ಸೇರಿಸಿ. ಸೋರಿದರೂ ಮೀನಿಗೆ ಅಪಾಯ ಮಾಡದ ದ್ರಾವಣವನ್ನೇ ಆರಿಸಿ. ವಿದೇಶದ ಕೈಪಿಡಿಗಳು ಹೇಳುವ ಹೆಪ್ಪುಗಟ್ಟದ ದ್ರಾವಣಗಳ ಅಗತ್ಯ ನಮಗಿಲ್ಲ, ಅವು ನೀರನ್ನು ಮಂದಮಾಡಿ ಪಂಪಿನ ಭಾರ ಹೆಚ್ಚಿಸುತ್ತವೆ.

ಮನೆಯೊಳಗೆ

ಯಂತ್ರದಿಂದ ಕೋಣೆಗೆ ತಂಪು ಒಯ್ಯಲು ಗಾಳಿಯ ಡಕ್ಟ್ ಇರಬಹುದು, ಅಥವಾ ತಣ್ಣೀರು ಹರಿಯುವ ಫ್ಯಾನ್ ಕಾಯಿಲ್ ಪೆಟ್ಟಿಗೆಗಳಿರಬಹುದು. ಹಳೆಯ ಮನೆಗೆ ಎರಡನೆಯದು ಸುಲಭ, ಗೋಡೆ ಹೆಚ್ಚು ಒಡೆಯಬೇಕಿಲ್ಲ. ನೆಲದಡಿ ತಣ್ಣೀರಿನ ಕೊಳವೆ ಹಾಕಿ ನೆಲವನ್ನೇ ತಂಪಾಗಿಸುವ ಪದ್ಧತಿಯನ್ನು ಮಾತ್ರ ನಮ್ಮ ಊರಿನಲ್ಲಿ ಒಪ್ಪಬೇಡಿ. ಮೇ ತಿಂಗಳಿನಲ್ಲಿ ಇಲ್ಲಿನ ಗಾಳಿ 24, 25 ಡಿಗ್ರಿಗೇ ಇಬ್ಬನಿ ಬಿಡುತ್ತದೆ. ಅದಕ್ಕಿಂತ ತಂಪಾದ ನೆಲ ಬೆವರಿ ಒದ್ದೆಯಾಗುತ್ತದೆ, ಹಿರಿಯರು ಜಾರಿ ಬೀಳುತ್ತಾರೆ. ಇದೇ ಕಾರಣಕ್ಕೆ ತಣ್ಣೀರಿನ ಪ್ರತಿಯೊಂದು ಕೊಳವೆಗೂ, ಕವಾಟಕ್ಕೂ, ಸಂದಿಲ್ಲದಂತೆ ನಿರೋಧಕ ಸುತ್ತಬೇಕು. ಪೆಟ್ಟಿಗೆಯಿಂದ ಇಳಿಯುವ ತೇವದ ನೀರು ದಿನಕ್ಕೆ ಕೊಡಗಟ್ಟಲೆ ಆಗುತ್ತದೆ, ಅದರ ಕೊಳವೆಗೆ ಸರಿಯಾದ ಇಳಿಜಾರು ಕೊಡಿ.

ಹಂಡೆಯ ನೀರು

ಬಿಸಿ ಬೇಕಾಗಿರುವ ಒಂದೇ ಜಾಗ ಬಚ್ಚಲು. ಇನ್ನೂರು ಲೀಟರ್ ನೀರನ್ನು 27ರಿಂದ 50 ಡಿಗ್ರಿಗೆ ಏರಿಸಲು 5.4 ಯೂನಿಟ್ ಶಾಖ ಸಾಕು. ನಾವು ದಿನಕ್ಕೆ ಕೆರೆಗೆ ಸುರಿಯುತ್ತಿರುವುದು 105 ಯೂನಿಟ್. ಕಂಪ್ರೆಸರ್‌ನಿಂದ ಹೊರಬರುವ ಅತಿ ಬಿಸಿ ಅನಿಲದಿಂದ ಸುಮಾರು ಹತ್ತನೆಯ ಒಂದು ಪಾಲು ಶಾಖವನ್ನು ಹಿಡಿದು ನೀರಿನ ಟ್ಯಾಂಕಿಗೆ ಕೊಡುವ ಡಿಸೂಪರ್‌ಹೀಟರ್ ಎಂಬ ಸಣ್ಣ ಭಾಗವನ್ನು ಯಂತ್ರದ ಜೊತೆಗೇ ಕೇಳಿ ಪಡೆದರೆ, ಬೇಸಿಗೆಯ ಬಿಸಿನೀರಿಗೆ ಬೇರೆ ಖರ್ಚು ಇರುವುದಿಲ್ಲ. ಆಟಿಯ ಜಡಿಮಳೆಯಲ್ಲಿ ಏಸಿ ಓಡದಿರುವಾಗ ಇದು ಕೆಲಸ ಮಾಡುವುದಿಲ್ಲ. ಆಗಲೂ ಬೇಕೆಂದರೆ, ನೀರಿನಿಂದ ನೀರಿಗೆ ಶಾಖ ಸಾಗಿಸುವ, ಹಿಂದುಮುಂದಾಗಿ ಓಡಬಲ್ಲ ಯಂತ್ರವನ್ನು ಆರಿಸಬೇಕು. ತುಂಬಿದ ಕೆರೆಯಿಂದ ಶಾಖ ಎತ್ತಿ ಗೀಸರಿನ ಮೂರನೆಯ ಒಂದು ಪಾಲು ವಿದ್ಯುತ್ತಿನಲ್ಲಿ ಅದು ನೀರು ಕಾಯಿಸುತ್ತದೆ. ಮಡಲು, ಗೆರಟೆ ಧಾರಾಳವಾಗಿರುವ ಮನೆಯಲ್ಲಿ ಬಚ್ಚಲ ಒಲೆಯೇ ಮಳೆಗಾಲಕ್ಕೆ ಸಾಕೆಂಬುದು ನನ್ನ ಅಭಿಪ್ರಾಯ.

ನೋಡಿಕೊಳ್ಳುವುದು

ಮುಂಗಾರಿಗೆ ಮೊದಲಿನ ಗುಡುಗು ಮಿಂಚು ನಮ್ಮ ಕಡೆ ಯಂತ್ರಗಳನ್ನು ಹೆಚ್ಚು ಕೆಡಿಸುತ್ತದೆ. ಒಳ್ಳೆಯ ಅರ್ಥಿಂಗ್, ಮಿಂಚಿನ ಉಬ್ಬರ ತಡೆಯುವ ಸಾಧನ ಇರಲೇಬೇಕು, ಗುಡುಗುವಾಗ ಮುಖ್ಯ ಸ್ವಿಚ್ ತೆಗೆದಿಡಿ. ಕೆರೆ ಉಕ್ಕಿ ದಂಡೆ ಕೊರೆದ ವರ್ಷ ಹೆಡರ್ ಕೊಳವೆ ಹೊರಗೆ ಕಾಣುತ್ತಿದೆಯೇ ಎಂದು ಅಕ್ಟೋಬರಿನಲ್ಲಿ ನೋಡಿ. ಗಾಳಿಯ ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆಯುವುದು, ಸುತ್ತಿನ ಒತ್ತಡವನ್ನು ಮೂರು ತಿಂಗಳಿಗೊಮ್ಮೆ ಓದುವುದು, ಇಷ್ಟೇ ನಿತ್ಯದ ಕೆಲಸ.

ಯಂತ್ರಕ್ಕೆ ಬರುವ ನೀರು, ಹೊರಡುವ ನೀರು, ಇವೆರಡರ ಕೊಳವೆಗೂ ಒಂದೊಂದು ಉಷ್ಣಮಾಪಕ ಕೂರಿಸಿ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೆರೆಯ ತಳದ ತಾಪಮಾನದ ಜೊತೆಗೆ ಬರೆದಿಡಿ. ಬರುವುದಕ್ಕೂ ಹೊರಡುವುದಕ್ಕೂ ಐದಾರು ಡಿಗ್ರಿ ಅಂತರವಿದ್ದರೆ ಹರಿವು ಸರಿಯಿದೆ. ಅಂತರ ಎಂಟಕ್ಕೆ ಏರಿದರೆ ಪಂಪ್ ಸೋತಿದೆ ಅಥವಾ ಗಾಳಿ ಸಿಕ್ಕಿಕೊಂಡಿದೆ. ಆ ಅಂತರ ಸರಿಯಿದ್ದೂ, ಬರುವ ನೀರು ಕೆರೆಯ ತಳಕ್ಕಿಂತ ಮೊದಲ ವರ್ಷ ಮೂರು ಡಿಗ್ರಿ ಹೆಚ್ಚಿದ್ದದ್ದು ಈಗ ಐದು ಹೆಚ್ಚಾಗಿದ್ದರೆ ಸುರುಳಿಗೆ ಪಾಚಿ ದಪ್ಪಗೆ ಹಿಡಿದಿದೆ ಅಥವಾ ಹೂಳು ಮುಚ್ಚುತ್ತಿದೆ. ಆಗ ಮೇ ತಿಂಗಳಿನಲ್ಲಿ ಒಂದೊಂದೇ ಸುರುಳಿಗೆ ಗಾಳಿ ಊದಿ ಮೇಲಕ್ಕೆ ತಂದು, ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಹೂಳಿಲ್ಲದ ಜಾಗ ನೋಡಿ ಮತ್ತೆ ಇಳಿಸಬೇಕು.